ಬೋಗುಣಿಯ ಉಪ್ಪು

ನಮ್ಮ ಅಪ್ಪಯ್ಯ ಒಂದು ಬಂಗಡೆಯ ಆಸೆಗೆ ಜೀವ ಕಳೆದುಕೊಂಡರು ಎಂದು ನಮ್ಮ ಕಡೆಯವರು ಹೇಳುತ್ತಾರೆ. ಬೀಗರೂಟದ ಪಂಕ್ತಿಯಲ್ಲಿ ಮೀನು ಬಡಿಸುವಾಗ ಹೇಳುತ್ತಾರೆ, ಯಾರದಾದರೂ ತಿಥಿಗೆ ಸೇರಿದಾಗ ಹೇಳುತ್ತಾರೆ, ಸಕ್ಕರೆ ಕಾಯಿಲೆಯವರು ಎರಡನೇ ಹೋಳಿಗೆಗೆ ಕೈ ಚಾಚಿದಾಗ ಎಚ್ಚರಿಕೆಯ ಹಾಗೆ ಹೇಳುತ್ತಾರೆ. ನನ್ನ ಮಾವ, ಅಂದರೆ ಅಮ್ಮನ ತಮ್ಮ, ಇದನ್ನು ಬಹಳ ಚೆನ್ನಾಗಿ ಹೇಳುತ್ತಾರೆ. ಶುರುವಿನಲ್ಲಿ ನಗಿಸಿ, ನಡುವೆ ದನಿ ತಗ್ಗಿಸಿ, ಕೊನೆಗೆ "ಬಾಯಿ ಚಪಲ ಮಾರಾಯಾ, ಬಾಯಿ ಚಪಲ" ಎಂದು ತಲೆಯಾಡಿಸುತ್ತಾರೆ. ಕೇಳಿದವರು ಮೆಲ್ಲಗೆ ಅಮ್ಮನ ಕಡೆ ತಿರುಗಿ ನೋಡುತ್ತಾರೆ. ಮೀನು ಮಾಡಿ ಬಡಿಸಿದ ಕೈ ಅವಳದಲ್ಲವೇ.

ಈ ಕಥೆಯನ್ನು ನಾನು ಒಪ್ಪುವುದಿಲ್ಲ. ಕಾಲೇಜಿನ ದಿನಗಳನ್ನೆಲ್ಲ ಚರ್ಚಾಸ್ಪರ್ಧೆಗಳಲ್ಲಿ ಕಳೆದವಳು ನಾನು. ಕೇಳಲು ಚೆಂದವಾಗಿರುವ ಮಾತು ಬಂದರೆ ಅದು ಯಾವುದರ ಮೇಲೆ ನಿಂತಿದೆ ಎಂದು ಮೊದಲು ನೋಡುವುದು ಅಭ್ಯಾಸ. ಈ ಕಥೆ ನಿಂತಿರುವುದು ಅಪ್ಪಯ್ಯನಿಗೆ ಮೀನು ನಿಷಿದ್ಧವಾಗಿತ್ತು ಎಂಬುದರ ಮೇಲೆ. ಆಗಿರಲಿಲ್ಲ. ಆ ಮಳೆಗಾಲದಲ್ಲಿ ಮೀನು ತಿನ್ನಲು ಆಸ್ಪತ್ರೆಯವರ ಒಪ್ಪಿಗೆಯೇ ಇತ್ತು: ಊಟಕ್ಕೆ ಒಂದು ಸಣ್ಣ ತುಂಡು, ಉಪ್ಪಿಲ್ಲದೆ. ಹಾಗಾದರೆ ಕೇಳಬೇಕಾದದ್ದು ಮೀನಿನ ವಿಷಯವಲ್ಲ. ಬಾಣಲೆಗೆ ಬೀಳುವ ಮುಂಚೆ ಅದು ಯಾವ ನೀರಿನಲ್ಲಿ ನೆನೆದಿತ್ತು ಎಂದು ಕೇಳಬೇಕು. ಅದನ್ನು ಯಾರೂ ಕೇಳುವುದಿಲ್ಲ. ಕೇಳಿದ ನನಗೂ ಪೂರ್ತಿ ಉತ್ತರ ಸಿಕ್ಕಿಲ್ಲ.

ಹೋದ ತಿಂಗಳು ಆಫೀಸಿನವರ ಜೊತೆ ಫೋರ್ಟ್ ಕೊಚ್ಚಿಗೆ ಹೋಗಿದ್ದೆ. ಕಡಲಂಚಿನ ಚೀನೀ ಬಲೆಗಳ ಹತ್ತಿರ ಮೀನು ಕೊಂಡು ಪಕ್ಕದ ಗೂಡಂಗಡಿಗೆ ಕೊಟ್ಟರೆ ಅಲ್ಲೇ ಕರಿದು ಕೊಡುತ್ತಾರೆ. ಅಡುಗೆಯ ಹೆಂಗಸು ನಮ್ಮ ಮೀನನ್ನು ಪ್ಲಾಸ್ಟಿಕ್ ಬೇಸಿನ್ನಿಗೆ ಹಾಕಿ, ನೀರು ಸುರಿದು, ಅರಿಶಿನ ಉದುರಿಸಿ, ಒಂದು ಹಿಡಿ ಕಲ್ಲುಪ್ಪು ಹಾಕಿ ಕೈಯಾಡಿಸಿದಳು. ಹಸಿ ಮೀನು, ಅರಿಶಿನ, ಉಪ್ಪು ಒಂದಾದ ಆ ವಾಸನೆ ಮೂಗಿಗೆ ಬಂದದ್ದೇ ನಾನು ಎದ್ದು ಹೊರಗೆ ಹೋದೆ. ಬೆಂಗಳೂರಿನಿಂದ ಹೊಸದಾಗಿ ಬಂದಿದ್ದ ಸಸ್ಯಾಹಾರಿ ಗೆಳತಿ "ನಿಂಗೂ ವಾಸನೆ ಆಗಲ್ವಾ? ಸದ್ಯ, ನಾನೊಬ್ಳೇ ಅಲ್ಲ" ಎಂದು ಖುಷಿಯಿಂದ ಹಿಂದೆಯೇ ಬಂದಳು. ನಾನು ಹುಟ್ಟಿದ್ದು ಕುಂದಾಪುರದ ಹತ್ತಿರ, ಕಡಲಿಗೆ ತಾಗಿದ ಮನೆಯಲ್ಲಿ ಎಂದು ಅವಳಿಗೆ ಹೇಳಲಿಲ್ಲ.

ಅದು ಎರಡು ಸಾವಿರದ ಏಳರ ಮಳೆಗಾಲ. ಅಪ್ಪಯ್ಯ ತಿರುವನಂತಪುರದಲ್ಲಿ ಕೇಂದ್ರ ಸರ್ಕಾರದ ಒಂದು ಸಂಸ್ಥೆಯ ವರ್ಕ್‌ಶಾಪಿನಲ್ಲಿ ಟೆಕ್ನಿಷಿಯನ್. ಲೋಹದ ಬಿಡಿಭಾಗಗಳನ್ನು ತೊಟ್ಟಿಗಳಲ್ಲಿ ಅದ್ದಿ ತೊಳೆಯುವ, ಲೇಪ ಕೊಡುವ ವಿಭಾಗ ಅವರದು. ನಾನು ಕೊಚ್ಚಿಯ ಕಾಕ್ಕನಾಡಿನಲ್ಲಿ ಐಟಿ ಕಂಪನಿಯೊಂದಕ್ಕೆ ಸೇರಿ ವರ್ಷವಾಗಿತ್ತು. ಬೇಸಿಗೆಯಲ್ಲಿ ಅಪ್ಪಯ್ಯನ ಕಾಲು ಊದಿಕೊಂಡಿತು, ಆಮೇಲೆ ಮುಖ. ಮಳೆ ಹಿಡಿಯುವ ಹೊತ್ತಿಗೆ ಎರಡು ಕಿಡ್ನಿಗಳೂ ಕೈಬಿಟ್ಟಿವೆ ಎಂದು ಡಾಕ್ಟರು ಹೇಳಿಯಾಗಿತ್ತು. ವಾರಕ್ಕೆ ಎರಡು ಸಲ ಡಯಾಲಿಸಿಸ್. ಉಪ್ಪು ಬಂದ್. ನೀರು ಅಳತೆಯಲ್ಲಿ: ದಿನಕ್ಕೆ ಒಂದು ಪುಟ್ಟ ಚೆಂಬು, ಅದರಲ್ಲೇ ಮಾತ್ರೆ, ಅದರಲ್ಲೇ ಕಾಫಿ. ಹೊರಗೆ ಹೆಂಚು ಒಡೆಯುವ ಹಾಗೆ ಮಳೆ ಹೊಡೆಯುತ್ತಿದ್ದರೆ ಒಳಗೆ ಅಪ್ಪಯ್ಯ ಚೆಂಬಿನ ತಳ ನೋಡುತ್ತಾ ಕೂತಿರುತ್ತಿದ್ದರು.

ಪ್ರತಿ ಶುಕ್ರವಾರ ಸಂಜೆ ನಾನು ಎರ್ನಾಕುಳಂನಲ್ಲಿ ರೈಲು ಹತ್ತುತ್ತಿದ್ದೆ, ಭಾನುವಾರ ವಾಪಸ್. ವಾರದ ಉಳಿದ ದಿನ ಫೋನು ಹಿಡಿದು ಊರಿನ ಒಬ್ಬೊಬ್ಬರಿಗೂ ಕರೆ ಮಾಡುತ್ತಿದ್ದೆ. ಬೇಕಾಗಿದ್ದದ್ದು ಒಂದು ಕಿಡ್ನಿ. ಅಮ್ಮನ ರಕ್ತದ ಗುಂಪು ಹೊಂದಲಿಲ್ಲ. ಮಾವನಿಗೆ ಸಕ್ಕರೆ ಕಾಯಿಲೆ. ಅಪ್ಪಯ್ಯನ ಅಣ್ಣಂದಿರು, ಅವರ ಮಕ್ಕಳು, ಯಾರೂ ಆಗುವುದಿಲ್ಲ ಎನ್ನಲಿಲ್ಲ. ಎಲ್ಲರೂ "ಕಾಂಬ" ಎಂದರು. ನೋಡೋಣ ಎಂಬ ಅರ್ಥದ ಈ ಕಾಂಬ ಎಂಬ ಮಾತಿನಷ್ಟು ಸಭ್ಯವಾಗಿ ಬಾಗಿಲು ಹಾಕುವ ಮಾತು ನಮ್ಮ ಭಾಷೆಯಲ್ಲಿ ಇನ್ನೊಂದಿಲ್ಲ. ಈಗ ಬಂಗಡೆಯ ಕಥೆ ಹೇಳುವವರೂ ಅವರೇ.

ಆಸ್ಪತ್ರೆಯಲ್ಲಿ ಪಥ್ಯ ಹೇಳಿಕೊಡುವ ಹುಡುಗಿ ಅಮ್ಮನನ್ನು ಕೂರಿಸಿಕೊಂಡು ತಿಳಿಹೇಳಿದಳು. ತರಕಾರಿಯನ್ನು ಸಣ್ಣಗೆ ಹೆಚ್ಚಿ ಬಿಸಿನೀರಿನಲ್ಲಿ ಬಹಳ ಹೊತ್ತು ನೆನೆಸಬೇಕು, ಆ ನೀರು ಚೆಲ್ಲಬೇಕು, ಬೇರೆ ನೀರಿನಲ್ಲಿ ಬೇಯಿಸಬೇಕು. ಕಿಡ್ನಿ ಹೊರಗೆ ಹಾಕಲಾರದ್ದು ಎಷ್ಟೋ ಆ ನೀರಿನ ಜೊತೆಗೇ ಹೋಗುತ್ತದೆ. ವಾರಗಳಿಂದ ಕಂಗೆಟ್ಟು ಕೂತಿದ್ದ ಅಮ್ಮನ ಮುಖ ಅರಳಿತು.

"ಇಷ್ಟೇಯಾ! ನಾವ್ ಮೀನಿಗೆ ಹುಟ್ಟಿದಲ್ಲಿಂದ ಮಾಡುದ್ ಇದನ್ನೇ ಅಲ್ದಾ?" ಎಂದು ನನ್ನ ಕೈ ಹಿಡಿದುಕೊಂಡಳು.

ನಮ್ಮಲ್ಲಿ ದೋಣಿಯಿಂದ ಈಗಷ್ಟೇ ಇಳಿದ ಮೀನಾದರೂ ಸೀದಾ ಒಲೆಗೆ ಹೋಗುವುದಿಲ್ಲ. ಕತ್ತರಿಸಿ ತೊಳೆದು ಬೋಗುಣಿಯಲ್ಲಿ ಉಪ್ಪು ಅರಿಶಿನದ ನೀರಿಗೆ ಹಾಕಿ ಇಡುತ್ತಾರೆ. ಬಂಗಡೆಯಾದರೆ ಸ್ವಲ್ಪ ಹೊತ್ತು. ತೊರಕೆಯಂಥ ನಾರುವ ಮೀನಾದರೆ ಅರ್ಧ ದಿನ, ನಡುವೆ ನೀರು ಬದಲಿಸಿ. ಲೋಳೆ ಬಿಡುತ್ತದೆ, ರಕ್ತ ಬಿಡುತ್ತದೆ, ಮಾಂಸ ಗಟ್ಟಿಯಾಗುತ್ತದೆ. ಆ ಉಪ್ಪನ್ನು ಯಾರೂ ಉಪ್ಪೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ಸೋಪಿನ ಹಾಗೆ, ತೊಳೆಯುವ ಸಾಮಾನು. ಅಡುಗೆಯ ಉಪ್ಪು ಎಂದರೆ ಆಮೇಲೆ ಮಸಾಲೆಯ ಜೊತೆ ಬರುವಂಥದ್ದು.

ಆಸ್ಪತ್ರೆಯ ಮಾತಿಗೂ ತನ್ನ ಬೋಗುಣಿಗೂ ನಂಟು ಕಂಡದ್ದೇ ಅಮ್ಮ ಸೆರಗು ಬಿಗಿದಳು. ಮಳೆಗಾಲದಲ್ಲಿ ಬೇರೆ ಕಡೆ ದೋಣಿ ಇಳಿಯದಿದ್ದರೂ ಹತ್ತಿರದ ವಿಳಿಂಜಂ ಬಂದರಿನಲ್ಲಿ ಮೀನು ಸಿಗುತ್ತದೆ. ಕ್ವಾರ್ಟರ್ಸಿನ ಪಕ್ಕದ ಮನೆಯ ಓಮನ ಚೇಚಿಯ, ಅಂದರೆ ಓಮನಕ್ಕನ, ಜೊತೆ ಬಸ್ಸು ಹತ್ತಿ ಹೋಗಿ ತರುತ್ತಿದ್ದಳು. ಮೊದಲು ಸ್ವಲ್ಪ ಹೊತ್ತು ನೆನೆಸುತ್ತಿದ್ದ ಬಂಗಡೆಯನ್ನು ಈಗ ಬೆಳಗಿನಿಂದ ಮಧ್ಯಾಹ್ನದವರೆಗೆ ನೆನೆಸಿದಳು. ಹೆಚ್ಚು ಹೊತ್ತು ನೆನೆದಷ್ಟೂ ಗಂಡನ ಮೈಯಿಂದ ಕೆಟ್ಟದ್ದು ಅಷ್ಟು ದೂರ. ಆಮೇಲೆ ಉಪ್ಪಿಲ್ಲದ ಮಸಾಲೆ ಸವರಿ ಕಾಯಿಸಿ, ಒಂದೇ ತುಂಡನ್ನು ತಟ್ಟೆಯಲ್ಲಿಟ್ಟು ಎದುರಿಗೆ ಕೂರುತ್ತಿದ್ದಳು.

ಆದರೆ ಅಪ್ಪಯ್ಯನ ಊತ ಇಳಿಯಲಿಲ್ಲ, ಹೆಚ್ಚಿತು. ಪ್ರತಿ ಡಯಾಲಿಸಿಸ್‌ಗೆ ಮುಂಚೆ ತೂಕ ನೋಡುತ್ತಾರೆ. ಮುಳ್ಳು ಎಲ್ಲಿ ಇರಬೇಕಿತ್ತೋ ಅದನ್ನು ದಾಟಿ ಎಲ್ಲೋ ಹೋಗಿ ನಿಲ್ಲುತ್ತಿತ್ತು. "ವೆಳ್ಳಂ ಕುಡಿಚ್ಚು, ಅಲ್ಲೇ ಚೇಟ್ಟಾ?" ನೀರು ಕುಡಿದಿರಿ ಅಲ್ಲವೇ ಎಂದು ಅಲ್ಲಿನ ಸಿಸ್ಟರ್ ಕೇಳಿದರೆ ಅಪ್ಪಯ್ಯ ಕಳ್ಳತನದಲ್ಲಿ ಸಿಕ್ಕಿಬಿದ್ದ ಶಾಲೆಯ ಹುಡುಗನ ಹಾಗೆ ಗೋಡೆ ನೋಡುತ್ತಿದ್ದರು. ಕುಡಿದಿರುತ್ತಿದ್ದರು. ಬಚ್ಚಲಿನ ನಲ್ಲಿಗೆ ಬಾಯಿ ಒಡ್ಡಿದ್ದನ್ನು ನಾನೇ ಒಂದು ಸಲ ಕಂಡೆ.

"ಬಾಯಿ ಒಣ್ಗಿ ಕಟ್ಗಿ ಆಯ್ತ್ ಮಗಾ. ನಾಲ್ಗಿ ನಂದೇ ಅಂದೇಳಿ ಗೊತ್ತಾತಿಲ್ಲೆ," ಎಂದರು.

"ಉಪ್ಪೇ ತಿನ್ನದವ್ರಿಗೆ ಇಷ್ಟ್ ದಾಹ ಎಲ್ಲಿಂದ ಅಪ್ಪಯ್ಯ?"

"ಅದನ್ನೇ ನಾನೂ ಕೇಂಬುದ್."

ಅಮ್ಮ ಬಚ್ಚಲಿನ ಬಾಗಿಲ ಹೊರಗೆ ಮಣೆ ಹಾಕಿ ಕೂತುಕೊಳ್ಳಲು ಶುರು ಮಾಡಿದಳು. ಒಳಗೆ ನೀರು ಬಿಟ್ಟ ಸದ್ದಾದರೆ ಬಾಗಿಲು ಬಡಿಯುತ್ತಿದ್ದಳು. ಮೂವತ್ತು ವರ್ಷ ಒಂದು ಮಾತು ಜೋರಾಗಿ ಆಡದೆ ಬಾಳಿದ ಗಂಡ ಹೆಂಡತಿ ಒಂದು ಗುಟುಕು ನೀರಿಗೆ ಜಗಳವಾಡುವುದನ್ನು ಕೇಳುತ್ತಾ ನಾನು ಅಡುಗೆಮನೆಯ ಕಿಟಕಿಯ ಹತ್ತಿರ ನಿಂತಿರುತ್ತಿದ್ದೆ. ಓಮನ ಚೇಚಿ ತನ್ನ ಕಿಟಕಿ ಮುಚ್ಚಿಕೊಳ್ಳುತ್ತಿದ್ದಳು. ಅದು ಅವಳ ದೊಡ್ಡತನ.

ಜುಲೈ ತಿಂಗಳ ಒಂದು ವಾರಾಂತ್ಯ ಮಾವನೂ ನನ್ನ ಜೊತೆ ಬಂದರು. ಅವರು ಕೊಚ್ಚಿಯಲ್ಲಿ ಮೀನು, ಸಿಗಡಿ ಬಿಡಿಸಿ ಪ್ಯಾಕ್ ಮಾಡುವ ಶೆಡ್ಡೊಂದರಲ್ಲಿ ಸೂಪರ್‌ವೈಸರ್. ದಾರಿಯುದ್ದಕ್ಕೂ ಅವರ ಬ್ಯಾಗು ನನ್ನ ಕಾಲ ಬುಡದಲ್ಲೇ ಇತ್ತು. ಮನೆಗೆ ಬಂದು ಬಿಚ್ಚಿದರೆ ಬಾಳೆಲೆಯಲ್ಲಿ ಸುತ್ತಿದ ಕಾಡುಹಂದಿಯ ಮಾಂಸ. ಇಡುಕ್ಕಿ ಕಡೆಯ ಗೆಳೆಯ ಕೊಟ್ಟದ್ದಂತೆ.

"ಇದ್ ಹಿಡುದ್ರೆ ಜೈಲ್ ಮಾವ," ಎಂದೆ.

"ಕಾಡ್ಹಂದಿ ಅಂದೇಳಿ ಅದ್ರ ಮೈಮೇಲ್ ಬರ್ದಿತ್ತಾ? ಕಾಡಿನ್ ಮಾಂಸ ತಿಂದ್ರೆ ರಕ್ತ ಊರತ್ತ್. ಭಾವನ್ ಮುಖ ಕಾಣ್, ಸುಣ್ಣ ಬಳ್ದಾಂಗ್ ಆಯ್ತ್."

ಮಂಚದ ಮೇಲಿಂದ ಅಪ್ಪಯ್ಯ, "ಸರ್ಕಾರಿ ಕ್ವಾರ್ಟರ್ಸ್ ಮಾರಾಯಾ ಇದ್. ಕಿಡ್ನಿ ಹೋದ್ದ್ ಹೋಯ್ತ್, ನೌಕ್ರಿ ಆದ್ರೂ ಉಳೀಲಿ," ಎಂದರು.

ಅಮ್ಮ ಕಾನೂನಿನ ಗೋಜಿಗೆ ಹೋಗಲಿಲ್ಲ. ಮಾಂಸವನ್ನು ಅಕ್ಕಿ ತೊಳೆದ ನೀರಿಗೆ ಹಾಕಿ, ಅರಿಶಿನ, ವಿನೆಗರ್ ಬೆರೆಸಿ ರಾತ್ರಿಯಿಡೀ ನೆನೆಸಿದಳು. ಬೆಳಿಗ್ಗೆ ನೀರು ಕೆಂಪಾಗಿತ್ತು. ಚೆಲ್ಲಿ ಹೊಸ ನೀರು ಹಾಕಿದಳು, ಅದೂ ಕೆಂಪಾಯಿತು. ನನ್ನನ್ನು ಕರೆದು ತೋರಿಸಿದಳು.

"ಕಾಣ್, ಎಷ್ಟ್ ವಿಷ ಬಿಟ್ಟಿತ್ ಕಾಣ್."

"ಅದ್ ವಿಷ ಅಲ್ಲ ಅಮ್ಮ, ರಕ್ತ. ರಕ್ತ ಊರುಕೆ ಅಂದೇಳಿ ಮಾವ ತಂದದ್ದ್, ನೀ ಅದನ್ನೇ ಮೋರಿಗೆ ಹೊಯ್ತಿದ್ದೆ. ಇಬ್ರಲ್ಲಿ ಒಬ್ರ್ ಹೇಳುದ್ ಸುಳ್ಳ್."

"ಅಕ್ಕಾ," ಮಾವ ನಿಟ್ಟುಸಿರು ಬಿಟ್ಟರು, "ಈ ಹೆಣ್ಣಿಗ್ ಗಂಡ್ ಎಲ್ಲ್ ಹುಡ್ಕುದ್ ಮಾರಾಯ್ತಿ?"

ಮಧ್ಯಾಹ್ನ ಬೆಂದ ಒಂದು ತುಂಡನ್ನು ಅಪ್ಪಯ್ಯ ಬಾಯಿಗಿಟ್ಟರು. ಅಗಿದರು, ಅಗಿದರು, ಅಮ್ಮನ ಮುಖ ನೋಡಿದರು. "ಹಂದಿಗೂ ಡಯಾಲಿಸಿಸ್ ಮಾಡ್ಸಿದ್ಯಲ್ಲೇ!" ಎಂದರು. ಅಮ್ಮನೂ ನಕ್ಕಳು. ಆ ಮಳೆಗಾಲದಲ್ಲಿ ನಾವು ಒಟ್ಟಿಗೆ ನಕ್ಕ ಇನ್ನೊಂದು ದಿನ ನನಗೆ ನೆನಪಿಲ್ಲ.

"ತಮಾಷಿ ಅಲ್ಲ," ಎಂದು ಅಪ್ಪಯ್ಯ ಮುಂದುವರಿಸಿದರು. "ಆ ಮಿಷನ್ ಮಾಡುದೂ ಇದನ್ನೇ, ನನ್ ರಕ್ತ ನೆನ್ಸುದ್. ಆದ್ರೆ ನಮ್ ತೊಟ್ಟಿಗ್ ಇಳ್ಸಿದ್ ಸಾಮಾನ್ ಬರೀ ಬಿಡುದಲ್ಲ, ತಕಂತ್ ಕೂಡ. ತೊಟ್ಟಿಯೊಳ್ಗೆ ಎಂತ ಇತ್ತೋ ಅದ್ ಸಾಮಾನಿಗ್ ಹತ್ತತ್ತ್."

ಅವರು ಕೆಲಸದ ಮಾತು ಆಡುವುದು ಹೀಗೆಯೇ, ಊಟದ ನಡುವೆ, ಯಾರಿಗೂ ಅಲ್ಲದ ಹಾಗೆ. ನನ್ನ ಕಣ್ಣು ಅಡುಗೆಮನೆಯ ಕಟ್ಟೆಗೆ ಹೋಯಿತು. ಸಂಜೆಗೆಂದು ಬೋಗುಣಿಯಲ್ಲಿ ಬಂಗಡೆ ನೆನೆಯುತ್ತಿತ್ತು.

"ಅಮ್ಮ, ಆ ನೀರಿಗ್ ಎಂತ ಹಾಕಿದ್ದೆ?"

"ಎಂತ ಹಾಕುದ್? ಅರ್ಶಿನ, ಉಪ್ಪ್."

"ಉಪ್ಪಾ?"

"ತೊಳುಕ್ ಹಾಕಿದ್ದ್ ಮಗಾ. ತಿಂಬುಕಲ್ಲ."

ಅಪ್ಪಯ್ಯನ ಅಗಿಯುವ ಬಾಯಿ ನಿಂತಿತು. ನಾನು ಎದ್ದು ಹೋಗಿ ಒಂದು ಚೂರು ಹಸಿ ಮೀನನ್ನು ನಾಲಿಗೆಗೆ ತಾಗಿಸಿದೆ. ಸಮುದ್ರವೇ ಬಾಯಿಗೆ ಬಂದ ಹಾಗಾಯಿತು. ವಾರಗಟ್ಟಲೆ, ಬೆಳಗಿನಿಂದ ಮಧ್ಯಾಹ್ನದವರೆಗೆ, ಒಂದೊಂದು ಹಿಡಿ. ಸಾರಿಗೆ ಉಪ್ಪು ಹಾಕಿದ್ದೀರಾ ಎಂದು ಆಸ್ಪತ್ರೆಯಲ್ಲಿ ಕೇಳಿದಾಗೆಲ್ಲ ಅಮ್ಮ ಇಲ್ಲ ಎಂದಿದ್ದಳು, ಅದು ನಿಜವೂ ಆಗಿತ್ತು. ನೆನೆಸುವಾಗ ಏನು ಹಾಕುತ್ತೀರಿ ಎಂದು ಕೇಳಬೇಕೆಂದು ಅವರಿಗೆ ಹೇಗೆ ಹೊಳೆಯಬೇಕು? ತನ್ನ ಉಪ್ಪು ಉಪ್ಪಲ್ಲ ಎಂದು ತಿಳಿದ ಅಮ್ಮನಿಗಾದರೂ ಹೇಗೆ ಹೊಳೆಯಬೇಕು?

"ನಿಮ್ಗೆ ರುಚಿ ಗೊತ್ತಾಯ್ಲಿಲ್ಯಾ ಅಪ್ಪಯ್ಯ?"

"ಕಡ್ಲಿನ್ ಮೀನಲ್ದಾ, ಅದ್ರ ಮೈಯುಪ್ಪ್ ಅಂದ್ಕಂಡೆ," ಎಂದರು ಮೆಲ್ಲಗೆ.

ಅಮ್ಮ ಎರಡೂ ಕೈಯಿಂದ ತಲೆ ಚಚ್ಚಿಕೊಂಡಳು. ಮಾವ ಹಿಡಿದುಕೊಳ್ಳಬೇಕಾಯಿತು. ಬಚ್ಚಲಿನ ಬಾಗಿಲು ಬಡಿದದ್ದು, ನೀರು ಕುಡಿಯಬೇಡಿ ಎಂದು ಬೈದದ್ದು, ಒಂದೊಂದನ್ನೂ ಹೇಳಿಕೊಂಡು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಎದ್ದು, ಕಪಾಟಿನಲ್ಲಿದ್ದ ಉಪ್ಪಿನ ಭರಣಿಯನ್ನೇ ಎತ್ತಿಕೊಂಡು ಹೋಗಿ ಓಮನ ಚೇಚಿಯ ಮನೆಯಲ್ಲಿ ಇಟ್ಟು ಬಂದಳು. ಆ ದಿನದಿಂದ ನಮ್ಮ ಮನೆಯಲ್ಲಿ ಉಪ್ಪೇ ಇರಲಿಲ್ಲ. ಅಮ್ಮನೂ ಸಪ್ಪೆ ಉಂಡಳು, ವಾರಾಂತ್ಯಕ್ಕೆ ಬಂದ ನಾನೂ ಸಪ್ಪೆ ಉಂಡೆ. ಮೀನು ನೆನೆಸುವುದನ್ನು ಅವಳು ಬಿಡಲಿಲ್ಲ. ಬರೀ ಅರಿಶಿನದ ನೀರು. ಮುಂದಿನ ವಾರಗಳಲ್ಲಿ ತೂಕದ ಮುಳ್ಳು ಹಿಂದೆ ಸರಿಯಿತು. ಅಪ್ಪಯ್ಯ ಮೆಟ್ಟಿಲು ಹತ್ತಿದರು. ಸಿಸ್ಟರ್ ಗದರುವುದನ್ನು ಬಿಟ್ಟು ಮಗಳಿಗೆ ಗಂಡು ನೋಡಿದ್ದೀರಾ ಎಂದು ವಿಚಾರಿಸತೊಡಗಿದಳು. ಅಂದರೆ ಉಪ್ಪೇ ಕಾರಣ ಎಂಬುದು ಸಾಬೀತಾಯಿತು. ನಮ್ಮ ಮೂವರಿಗೂ ಸಾಬೀತಾಯಿತು. ಇದನ್ನು ಒತ್ತಿ ಹೇಳುತ್ತಿದ್ದೇನೆ.

ಆಗಸ್ಟ್‌ನಲ್ಲಿ ಇಬ್ಬರನ್ನೂ ಕೊಚ್ಚಿಗೆ ಕರೆಸಿಕೊಂಡೆ. ಅಲ್ಲಿನ ಒಂದು ಆಸ್ಪತ್ರೆಯಲ್ಲಿ ನನ್ನ ರಕ್ತ ಕೊಟ್ಟು ಪರೀಕ್ಷೆ ಮಾಡಿಸಿದ್ದೆ, ಅಪ್ಪಯ್ಯನಿಗೆ ಹೇಳದೆ. ಹೊಂದಿಕೆಯಾಗುತ್ತದೆ ಎಂದರು. ಕಾಕ್ಕನಾಡಿನ ನನ್ನ ಒಂಟಿ ಕೋಣೆಯಲ್ಲಿ ಅಪ್ಪಯ್ಯ ಮಂಚದ ಮೇಲೆ, ಅಮ್ಮ ಅವರ ಕಾಲ ಬಳಿ, ನಾನು ನೆಲದ ಮೇಲೆ. ಹೇಳಿದೆ.

"ಬೇಡ," ಎಂದರು.

"ಕಾರಣ ಹೇಳಿ."

"ನಿಂಗ್ ನಾಳೆ ಮದ್ವಿ ಆಯ್ಕ್. ಮಕ್ಕಳ್ ಆಯ್ಕ್. ಉಳುದ್ ಆ ಒಂದೂ ಹೋದ್ರೆ ಎಂತ ಮಾಡ್ತೆ?"

"ಹೋಪುದಾರೆ ಎರಡಿದ್ರೂ ಹೋತ್. ನಿಮ್ದ್ ಎರಡಿತ್ತಲ್ಲ?"

ಅಪ್ಪಯ್ಯನಿಗೆ ನಗು ತಡೆಯಲಾಗಲಿಲ್ಲ. ನಾನು ಬಿಡಲಿಲ್ಲ. ನಿಮ್ಮ ಜಾಗದಲ್ಲಿ ನಾನು ಮಲಗಿದ್ದರೆ ನೀವು ಕೊಡುತ್ತಿದ್ದಿರಾ ಎಂದು ಕೇಳಿದೆ.

"ಕೊಡ್ತಿದ್ದೆ."

"ನಾ ಬೇಡ ಅಂದ್ರೆ?"

"ನಿನ್ ಮಾತ್ ಯಾರ್ ಕೇಂತ್ರ್?"

"ಹಾಂಗಾರೆ ನಾನೂ ಕೇಂತಿಲ್ಲೆ."

ಶಾಲೆಯ ಮೊದಲ ಸ್ಪರ್ಧೆಗೆ ಸೈಕಲ್ಲಿನ ಮೇಲೆ ಕೂರಿಸಿಕೊಂಡು ಹೋಗಿ, ದಾರಿಯುದ್ದಕ್ಕೂ ಎದುರಾಳಿಯಾಗಿ ವಾದಿಸಿ ನನ್ನನ್ನು ತಯಾರು ಮಾಡಿದವರು ಅವರೇ. ಅವತ್ತೂ ಹಾಗೆಯೇ ಕೈಯೆತ್ತಿದರು. "ಆಯ್ತ್ ವಕೀಲ್ರೇ, ನೀವ್ ಗೆದ್ರಿ. ಓಣಂ ಕಳೀಲಿ." ಆಪರೇಷನ್ನಿಗೆ ಓಣಂ ಆದ ಮೇಲಿನ ವಾರ ಗೊತ್ತಾಯಿತು. ಆ ವಾದವನ್ನು ಇವತ್ತು ಮಾಡಬೇಕಾಗಿ ಬಂದರೂ ಅದನ್ನೇ ಮಾಡುತ್ತೇನೆ, ಒಂದು ಪದ ಬದಲಿಸದೆ.

ಅಮ್ಮನನ್ನು ನಾವಿಬ್ಬರೂ ಏನೂ ಕೇಳಲಿಲ್ಲ. ಗಂಡನನ್ನು ಮಗಳ ಮೈಯಿಂದ ಉಳಿಸಿಕೊಳ್ಳುವ ಮಾತು ನಡೆಯುತ್ತಿದ್ದಾಗ ಅವಳು ಅಪ್ಪಯ್ಯನ ಊದಿದ ಪಾದವನ್ನು ಬೆರಳಿನಿಂದ ಒತ್ತುತ್ತಾ, ಬಿದ್ದ ಕುಳಿ ಮೇಲೆ ಬರುವುದನ್ನು ನೋಡುತ್ತಾ ಕೂತಿದ್ದಳು.

ಅವರಿಬ್ಬರೂ ತಿರುವನಂತಪುರಕ್ಕೆ ಮರಳಿದ ಮೇಲೆ ಊರಿನ ಫೋನುಗಳು ಶುರುವಾದವು. ಅಪ್ಪಯ್ಯನಿಗಲ್ಲ, ನನಗೂ ಅಲ್ಲ, ಅಮ್ಮನಿಗೆ. ಕಾಂಬ ಎಂದವರೇ ಒಬ್ಬೊಬ್ಬರಾಗಿ. ಹೆಣ್ಣುಮಗುವಿನ ಹೊಟ್ಟೆ ಕೊಯ್ಯಿಸಲು ಬಿಡುತ್ತೀಯಾ, ನಾಳೆ ಅವಳನ್ನು ಯಾರು ಮದುವೆಯಾಗುತ್ತಾರೆ, ತಾಯಿಯಾಗಿ ನೀನಾದರೂ ಹೇಳಬಾರದೇ. ಇದನ್ನು ಅಮ್ಮ ನನಗೆ ಹೇಳಲಿಲ್ಲ. ಫೋನು ಇಟ್ಟ ಮೇಲೆ ಹಿತ್ತಲ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದಳು ಎಂದು ನಂತರ ಹೇಳಿದ್ದು ಓಮನ ಚೇಚಿ.

ಓಣಂ ರಜೆಗೆ ನಾನು ಹಬ್ಬದ ಹಿಂದಿನ ದಿನ, ಉತ್ರಾಡದ ಬೆಳಗಿನ ರೈಲು ಹಿಡಿದಿದ್ದೆ. ಹೂವಿನ ಬುಟ್ಟಿ, ಹೊಸ ಬಟ್ಟೆಯ ಚೀಲಗಳ ನಡುವೆ ಒಂದೇ ಕಾಲಿನಲ್ಲಿ ನಿಂತಿದ್ದೆ. ಕೊಲ್ಲಂ ದಾಟುವಾಗ ಮಾವನ ಫೋನು: "ಎಲ್ಲಿದ್ದೆ ಮಗಾ? ಸೀದಾ ಆಸ್ಪತ್ರೆಗ್ ಬಾ." ಅಮ್ಮನ ಫೋನು ಬಂದದ್ದೇ ಅವರು ಬೆಳಗಿನ ಜಾವವೇ ಹೊರಟು ನನಗಿಂತ ಮುಂಚೆ ತಲುಪಿದ್ದರು. ನಾನು ಹೋಗುವಷ್ಟರಲ್ಲಿ ಬಿಳಿ ಬಟ್ಟೆ ಮುಖದವರೆಗೆ ಎಳೆದಾಗಿತ್ತು. ಶ್ವಾಸಕೋಶದಲ್ಲಿ ನೀರು ತುಂಬಿತ್ತು ಎಂದರು ಡಾಕ್ಟರು. ಹೃದಯವೂ ದಣಿದಿತ್ತು, ಇಂಥದ್ದೇ ಕಾರಣ ಎಂದು ಒಂದನ್ನೇ ಬೊಟ್ಟು ಮಾಡಲಾಗುವುದಿಲ್ಲ ಎಂದೂ ಹೇಳಿದರು. ಆ ಎರಡನೇ ಮಾತನ್ನು ನಮ್ಮವರು ಯಾರೂ ಕೇಳಿಸಿಕೊಳ್ಳಲಿಲ್ಲ. ಅವರು ಕೇಳಿಸಿಕೊಂಡದ್ದು ಬೆಂಚಿನ ಮೇಲೆ ಕೂತಿದ್ದ ಅಮ್ಮನ ಒಂದೇ ವಾಕ್ಯವನ್ನು:

"ನಿನ್ನೆ ಬಂಗ್ಡಿ ತಿಂಬು ಆಸೆ ಆಯ್ತ್ ಅಂದ್ರ್. ಮಾಡಿ ಕೊಟ್ಟೆ."

ಕಥೆ ಹುಟ್ಟಿದ್ದು ಅಲ್ಲಿ. ಆದರೆ ಸ್ವಲ್ಪ ಯೋಚಿಸಿ. ವಾರವಿಡೀ ಮೀನು ತಿನ್ನುತ್ತಿದ್ದವರಿಗೆ ಬಂಗಡೆಯ ಆಸೆ ಏಕೆ ಬರಬೇಕು?

ಬಟ್ಟೆಬರೆ ತರಲು ಮನೆಗೆ ಹೋದವಳು ನಾನು. ಅಡುಗೆಮನೆಯಲ್ಲಿ ಬೋಗುಣಿ ತೊಳೆದು ಬೋರಲು ಹಾಕಿತ್ತು. ಬಾಣಲೆಯ ಮುಚ್ಚಳ ತೆಗೆದರೆ ಎರಡು ತುಂಡು ಮೀನು ಉಳಿದಿತ್ತು. ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡೆ. ಮೇಲೆ ಉದುರಿಸಿದ ಉಪ್ಪಾಗಿರಲಿಲ್ಲ, ಮುಳ್ಳಿನವರೆಗೂ ಇಳಿದಿತ್ತು. ಗಂಟೆಗಟ್ಟಲೆ ನೆನೆಸದೆ ಅಷ್ಟು ಆಳಕ್ಕೆ ಇಳಿಯುವುದಿಲ್ಲ. ಕಪಾಟಿನಲ್ಲಿ ಉಪ್ಪಿನ ಭರಣಿ ಇತ್ತು.

ಎರಡೂ ತುಂಡನ್ನು ನಾನೇ ತಿಂದು ಮುಗಿಸಿದೆ. ಇನ್ನು ಸ್ವಲ್ಪ ಹೊತ್ತಿಗೆ ಮನೆ ತುಂಬ ಜನ ಬರುತ್ತಾರೆ, ಯಾರಾದರೊಬ್ಬರು ಮುಚ್ಚಳ ತೆಗೆಯುತ್ತಾರೆ. ನೀರು ಕುಡಿದೆ, ಮತ್ತೂ ಕುಡಿದೆ. ಬಾಣಲೆ ತೊಳೆದಿಟ್ಟೆ. ಹಿಂದೆ ಓಮನ ಚೇಚಿ ಬಂದು ನಿಂತಿದ್ದಳು. ಭರಣಿಯ ಕಡೆ ನಾನು ನೋಡಿದ್ದನ್ನು ನೋಡಿ, "ಮಿನಿಞ್ಞಾನ್ನು ಅಮ್ಮ ವನ್ನು ಕೊಂಡುಪೋಯದಾ ಮೋಳೇ," ಎಂದಳು. ಮೊನ್ನೆ ಅಮ್ಮನೇ ಬಂದು ಒಯ್ದದ್ದು. "ಓಣಮಲ್ಲೇ ಎನ್ನು ಪರಞ್ಞು." ಓಣಂ ಅಲ್ಲವೇ ಎಂದಿದ್ದಳಂತೆ.

ಹಾಗಾಗಿ ಕೈಯ ಅಭ್ಯಾಸ ಎಂಬ ವಾದ ನಿಲ್ಲುವುದಿಲ್ಲ. ಎಷ್ಟೋ ವರ್ಷದ ರೂಢಿ, ಅರಿವಿಲ್ಲದೆ ಕೈ ಭರಣಿಗೆ ಹೋಯಿತು ಎನ್ನಲು ಭರಣಿ ಮನೆಯಲ್ಲೇ ಇರಲಿಲ್ಲ. ಚಪ್ಪಲಿ ಮೆಟ್ಟಿ, ಮಳೆಯಲ್ಲಿ ಪಕ್ಕದ ಮನೆಗೆ ಹೋಗಿ, ಕೇಳಿ ತರಬೇಕಿತ್ತು. ಬಾಯಿ ಚಪಲ ಎಂಬುದೂ ನಿಲ್ಲುವುದಿಲ್ಲ. ತೊಟ್ಟಿಯಲ್ಲಿದ್ದದ್ದು ಸಾಮಾನಿಗೆ ಹತ್ತುತ್ತದೆ ಎಂದು ನಮಗೆ ತಿಳಿಸಿದವರಿಗೆ ತಾನು ಏನು ತಿನ್ನುತ್ತಿದ್ದೇನೆಂದು ಮೊದಲ ತುತ್ತಿನಲ್ಲೇ ಗೊತ್ತಾಗಿರುತ್ತದೆ. ಗೊತ್ತಾಗಿಯೂ ತಟ್ಟೆ ಖಾಲಿ ಮಾಡಿದರು. ನನ್ನ ವಾದಕ್ಕೆ ನಕ್ಕು ಸೋತವರು, ಅದನ್ನು ಗೆಲ್ಲುವ ಬೇರೆ ದಾರಿ ಹುಡುಕಿಕೊಂಡರೇ? ಒಂದು ಸಲ ಸರಿಯಾಗಿ ಉಪ್ಪು ಹಾಕಿ ಮಾಡಿಕೊಡು ಎಂದು ಅಮ್ಮನನ್ನು ಬೇಡಿಕೊಂಡರೇ? ಇಲ್ಲ, ಹಬ್ಬಕ್ಕೆ ಬರುವ ಮಗಳು ಒಂದು ದಿನವಾದರೂ ಸಪ್ಪೆ ಉಣ್ಣುವುದು ಬೇಡ ಎಂದು ಅಮ್ಮ ನನಗಾಗಿ ನೆನೆಸಿಟ್ಟ ಮೀನಿಗೆ ಅವರು ಕೈ ಹಾಕಿದರೇ? ಇನ್ನೂ ಒಂದು ಸಾಧ್ಯತೆ ಉಳಿಯುತ್ತದೆ. ಮಗಳ ಹೊಟ್ಟೆ ಕೊಯ್ಯಿಸಲು ಬಿಡುತ್ತೀಯಾ ಎಂದು ಫೋನಿನಲ್ಲಿ ಅಷ್ಟು ದಿನ ಅಷ್ಟು ಜನ ಕೇಳಿದ ಪ್ರಶ್ನೆಗೆ, ನಾವಿಬ್ಬರು ಅವಳಿಂದ ಕೇಳದೇ ಇದ್ದ ಉತ್ತರವನ್ನು ಅವಳೊಬ್ಬಳೇ ಕೊಟ್ಟುಬಿಟ್ಟಳೇ? ಬೇರೆ ಯಾರಾದರೂ ಇದನ್ನು ಹೇಳಿದ್ದರೆ ಅವರ ನಾಲಿಗೆಯನ್ನು ನಾನು ಸುಮ್ಮನೆ ಬಿಡುತ್ತಿರಲಿಲ್ಲ. ಆದರೆ ನನ್ನದೇ ತಲೆ ಹೇಳುವಾಗ ಯಾರ ಹತ್ತಿರ ಜಗಳಕ್ಕೆ ಹೋಗಲಿ?

ಕ್ವಾರ್ಟರ್ಸ್ ಬಿಟ್ಟುಕೊಡಬೇಕಿತ್ತು. ಮಳೆ ಮತ್ತೆ ಹಿಡಿದಿದ್ದ ಒಂದು ಮಧ್ಯಾಹ್ನ ಅಮ್ಮನನ್ನು ಕೊಚ್ಚಿಗೆ ಕರೆದುಕೊಂಡು ಹೊರಟೆ. ನಮ್ಮ ಬೋಗಿಯಲ್ಲಿ ಒಂದು ದೊಡ್ಡ ಸಂಸಾರ ಹರಟುತ್ತಾ, ಬಾಳೆಕಾಯಿ ಚಿಪ್ಸು ಹಂಚಿಕೊಳ್ಳುತ್ತಾ ಕೂತಿತ್ತು. ಅವರಲ್ಲಿ ಒಬ್ಬಾಕೆ ಅಮ್ಮನ ಕೈಗೂ ಹಾಕಿದಳು. ಅಮ್ಮ ಒಂದನ್ನು ಬಾಯಿಗಿಟ್ಟು, ಉಪ್ಪು ತಾಗಿದ್ದೇ ಅಗಿಯುವುದನ್ನು ನಿಲ್ಲಿಸಿ, ಉಳಿದದ್ದನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡಳು. ಕಿಟಕಿಯಾಚೆ ಅಷ್ಟಮುಡಿ ಹಿನ್ನೀರು ಹಳಿಯವರೆಗೆ ಬಂದಿತ್ತು. ನಮ್ಮ ಮಾತು ಅರ್ಥವಾಗುವವರು ಆ ಬೋಗಿಯಲ್ಲಿ ಇನ್ನಾರೂ ಇರಲಿಲ್ಲ. ಕೇಳಬೇಕಾದರೆ ಇಲ್ಲೇ ಕೇಳಬೇಕು, ಕೊಚ್ಚಿಯ ಒಂಟಿ ಕೋಣೆಯಲ್ಲಿ ದಿನಾ ಮುಖ ನೋಡಿಕೊಂಡು ಇರಲು ಶುರುಮಾಡಿದ ಮೇಲೆ ಆಗುವುದಿಲ್ಲ ಎಂದು ತೋರಿತು. ಅವಳ ಕಡೆಗೆ ಬಗ್ಗಿ, ರೈಲಿನ ಸದ್ದಿಗೆ ಕೇಳುವಷ್ಟು ಜೋರಾಗಿ ಕೇಳಿದೆ:

"ಅಮ್ಮ, ಚೇಚಿ ಮನಿಯಿಂದ ಆ ಉಪ್ಪ್ ತಂದದ್ದ್ ಯಾರಿಗ್ ಬೇಕಾಗಿ?"